ಕಣ್ಣಾಸ್ಪತ್ರೆಯ ಕೀ

ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಅತ್ತಿಗೆ ಎನ್ನುತ್ತಿದ್ದರು. ಸುಳ್ಳೇನೂ ಅಲ್ಲ. ತಾಂತ್ರಿಕ ವಿಭಾಗದ ಮುಖ್ಯಸ್ಥ ಅವಳ ಗಂಡನ ಸ್ವಂತ ತಮ್ಮ. ಮನೆಯಲ್ಲಿ ಅವನು ಪುಟ್ಟು. ಅತ್ತೆ ತೊಟ್ಟಿಲಲ್ಲಿ ಇಟ್ಟ ಆ ಹೆಸರು ತಲೆ ಅರ್ಧ ನರೆತ ಮೇಲೂ ಅವನನ್ನು ಬಿಟ್ಟಿರಲಿಲ್ಲ. ಕಚೇರಿಯಲ್ಲಿ ಅವನು ಸರ್. ಬೆಳಿಗ್ಗೆ "ಪುಟ್ಟು, ಒದ್ದೆ ಟವೆಲ್ ಹಾಸಿಗೆ ಮೇಲೆ ಬಿಸಾಕಿದ್ದೀಯಲ್ಲ, ನಿನಗೇನು ಬಂದಿದೆ ದಾಡಿ?" ಎಂದು ಗದರಿದ ಬಾಯಲ್ಲೇ, ಸ್ವಲ್ಪ ಹೊತ್ತಿನ ಬಳಿಕ, ಗಾಜಿನ ಕೋಣೆಯ ಬಾಗಿಲಲ್ಲಿ ನಿಂತು "ನಮಸ್ಕಾರ ಸರ್" ಎನ್ನಬೇಕು. ಆ ಬಾಯಿಗೂ ಪಾಪ, ಒಂದು ಮಾನ ಮರ್ಯಾದೆ ಇರುವುದಿಲ್ಲವೇ?

ಮಕ್ಕಳಿಬ್ಬರೂ ಶಾಲೆಯ ದಾರಿ ಹಿಡಿಯುವ ತನಕ ಅವಳು ಕೆಲಸ ಬಿಟ್ಟು ಮನೆಯಲ್ಲಿದ್ದಳು. ಮತ್ತೆ ಅರ್ಜಿ ಹಾಕಲು ಹೊರಟಾಗ ಎಲ್ಲ ಕಡೆಯೂ ಅದೇ ಪ್ರಶ್ನೆ: ಇಷ್ಟು ವರ್ಷ ಏನು ಮಾಡ್ತಿದ್ರಿ? ಕೊನೆಗೆ ಪುಟ್ಟು "ನಮ್ಮಲ್ಲೇ ಬನ್ನಿ ಅತ್ತಿಗೆ" ಎಂದ. ಆರು ತಿಂಗಳ ಪರೀಕ್ಷೆಯ ಅವಧಿ, ಅದರಲ್ಲಿ ಪಾಸಾದರೆ ಖಾಯಂ. ಆ ಅವಧಿ ಇಂದಿಗೆ ಮುಗಿಯುವುದಿತ್ತು. ಇಂದು ಮಧ್ಯಾಹ್ನ ನಾಲ್ಕಕ್ಕೆ ಕಂಪನಿಯ ಒಡತಿ ದೊಡ್ಡ ಮೇಡಂ ಎದುರು ಕಣ್ಣಾಸ್ಪತ್ರೆಯ ಸಂಪರ್ಕವನ್ನು ನಡೆಸಿ ತೋರಿಸಬೇಕು. ನಡೆದರೆ ಉಳಿಯುತ್ತಾಳೆ. ನಡೆಯದಿದ್ದರೆ, ಮೈದುನನ ಕೃಪೆಯಿಂದ ಬಂದವಳು ಮೈದುನನ ಕೃಪೆಯಿದ್ದೂ ಉಳಿಯಲಿಲ್ಲ ಎಂಬ ಕಥೆ ಊಟದ ಕೋಣೆಯಲ್ಲಿ ಉಪ್ಪು ಖಾರ ಹಚ್ಚಿಕೊಂಡು ಓಡಾಡುತ್ತದೆ. ಅವಳಿಗೆ ಕೆಲಸ ಬೇಕಿತ್ತು ನಿಜ. ಅದಕ್ಕಿಂತ ಹೆಚ್ಚಾಗಿ, ಅದು ತನ್ನ ಕೈಯಾರೆ ಗಳಿಸಿದ್ದು ಎಂದು ಹೇಳಿಕೊಳ್ಳುವುದು ಬೇಕಿತ್ತು.

ಕಂಪನಿಯದು ಆಸ್ಪತ್ರೆಗಳ ನಡುವೆ ರೋಗಿಗಳ ವರದಿ ಸಾಗಿಸುವ ಕೆಲಸ. ಒಂದೊಂದು ಆಸ್ಪತ್ರೆಯ ಯಂತ್ರವೂ ತಾನು ತಾನೇ ಎಂದು ಸಾಬೀತು ಮಾಡಲು ಎರಡು ವಸ್ತು ಇಟ್ಟುಕೊಂಡಿರುತ್ತದೆ: ಯಾರಿಗೂ ತೋರಿಸಬಾರದ ಒಂದು ಕೀ, ಎಲ್ಲರಿಗೂ ತೋರಿಸುವ ಒಂದು ಸರ್ಟಿಫಿಕೇಟ್. ಎರಡೂ ಹುಟ್ಟಿನಿಂದ ಜೋಡಿ. ಒಂದರ ಜೊತೆ ಬೇರೆಯವರ ಇನ್ನೊಂದನ್ನು ಕೂರಿಸಿದರೆ ನಡೆಯುವುದಿಲ್ಲ. ಹಳೆಯ ಸರ್ವರ್ ಇವೆರಡನ್ನೂ ಒಂದೇ ಗಂಟು ಕಟ್ಟಿ, ಗಂಟಿಗೆ ಪಾಸ್‌ವರ್ಡ್ ಜಡಿದು ಇಡುತ್ತಿತ್ತು. ಹೊಸ ಸರ್ವರ್‌ಗೆ ಗಂಟೆಂದರೆ ಆಗದು. ಎರಡನ್ನೂ ಬೇರೆ ಬೇರೆ ಫೈಲಾಗಿ, ಬರೀ ಅಕ್ಷರಗಳಲ್ಲಿ ಬರೆದುಕೊಟ್ಟರೆ ಮಾತ್ರ ಓದುತ್ತದೆ. ಅತ್ತಿಗೆಯ ಕೆಲಸ ಗಂಟು ಬಿಚ್ಚಿ ಬರೆದುಕೊಡುವ ಪ್ರೋಗ್ರಾಂ ಬರೆಯುವುದು.

"ಫಾರ್ಮ್ಯಾಟ್ ಬದಲಾಯಿಸೋದು ತಾನೇ? ಐದು ನಿಮಿಷದ ಕೆಲಸ" ಎಂದಿದ್ದರು ದೊಡ್ಡ ಮೇಡಂ. ತಾವು ಮಾಡದ ಕೆಲಸವೆಲ್ಲ ಎಲ್ಲರಿಗೂ ಐದು ನಿಮಿಷದ್ದೇ.

ಅತ್ತಿಗೆ ಅದನ್ನು ಎಚ್ಚರದಿಂದ ಬರೆದಿದ್ದಳು. ಪ್ರೋಗ್ರಾಂ ಗಂಟು ಬಿಚ್ಚಿದ ಕೂಡಲೇ ಕೀ, ಸರ್ಟಿಫಿಕೇಟ್ ಎರಡನ್ನೂ ತಾಳೆ ನೋಡುತ್ತಿತ್ತು. ಜೋಡಿ ಸರಿಯಿದ್ದರೆ ಮಾತ್ರ ಹೊಸ ಸರ್ವರ್ ಓದುವ ಕೀಗಳ ಫೋಲ್ಡರಿನಲ್ಲಿ ಬರೆಯುತ್ತಿತ್ತು. ಇನ್ನೊಂದು ಕಟ್ಟಪ್ಪಣೆಯನ್ನೂ ಮೊದಲ ವಾರವೇ ಅದಕ್ಕೆ ಕೊಟ್ಟಿದ್ದಳು: ಫೋಲ್ಡರಿನಲ್ಲಿ ಕೀ ಇದ್ದರೆ ಅದರ ಮೇಲೆ ಬರೆಯಕೂಡದು. ಸರ್ಟಿಫಿಕೇಟ್ ಅಳಿಸಿದರೆ ಮತ್ತೆ ತರಿಸಬಹುದು, ಕೀ ಅಳಿಸಿದರೆ ದೇವರೇ ಬಂದರೂ ವಾಪಸ್ಸಿಲ್ಲ. ಬರೆದು ಎಷ್ಟೋ ದಿನವಾಗಿ, ಹೀಗೊಂದು ಅಪ್ಪಣೆ ಕೊಟ್ಟಿದ್ದೇನೆಂಬುದೇ ಅವಳಿಗೆ ಮರೆತಿತ್ತು.

ಬೇರೆಲ್ಲ ಆಸ್ಪತ್ರೆಗಳ ಗಂಟುಗಳೂ ಬಿಚ್ಚಿಕೊಂಡಿದ್ದವು. ಕಣ್ಣಾಸ್ಪತ್ರೆಯದು ಮಾತ್ರ ಕೊನೆಯ ತನಕ ಸತಾಯಿಸಿತು, ಆಸ್ಪತ್ರೆಯವರು ಪಾಸ್‌ವರ್ಡ್ ಹುಡುಕುತ್ತಲೇ ಇದ್ದರು. ನಿನ್ನೆ ಊಟದ ಹೊತ್ತಿಗೆ ಅವಳು ಅದನ್ನೇ ಹೇಳಿ ಗೊಣಗಿದ್ದಳು. ಗಂಡ ಟಿವಿಯ ಕಡೆ ನೋಡುತ್ತ ಹೂಂಗುಟ್ಟಿದ್ದ. ಅತ್ತೆ, "ಪುಟ್ಟು, ನೀನಾದ್ರೂ ನೋಡಬಾರದೇನೋ, ಪಾಪ" ಎಂದಿದ್ದರು. ಪುಟ್ಟು ತಟ್ಟೆಯಿಂದ ತಲೆಯೆತ್ತದೆ "ನೋಡೋಣ ಬಿಡಿ" ಎಂದಿದ್ದ.

ಇವತ್ತು ಅವಳು ಬಸ್ಸಿನಲ್ಲಿದ್ದಾಗಲೇ ಕಣ್ಣಾಸ್ಪತ್ರೆಯಿಂದ ಫೋನ್ ಬಂತು, ಪಾಸ್‌ವರ್ಡ್ ಸಿಕ್ಕಿದೆ. (ಮೈದುನನ ಕಾರಿನಲ್ಲಿ ಅವಳು ಬರುತ್ತಿರಲಿಲ್ಲ, ಆಡಿಕೊಳ್ಳುವವರ ಬಾಯಿಗೆ ಅದೊಂದು ಬೇರೆ ಯಾಕೆ?) ಕುರ್ಚಿಗೆ ಬ್ಯಾಗು ತಗುಲಿಸಿದವಳೇ ಪ್ರೋಗ್ರಾಂ ಓಡಿಸಿದಳು. ಗಂಟು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಬಿಚ್ಚಿಕೊಂಡಿತು. 'ಜೋಡಿ ಸರಿ ಇದೆ' ಎಂದಿತು ಪರದೆ. ಅವಳು ಹಗುರಾಗಿ ಹೋಗಿ ಟೀ ತಂದುಕೊಂಡಳು.

ಟೀ ಆರುವ ಮೊದಲೇ ಪರೀಕ್ಷಕ ಅವಳ ಮೇಜಿನ ಬಳಿ ನಿಂತಿದ್ದ. ಎಲ್ಲರ ಕೆಲಸವನ್ನೂ ನಡೆಸಿ ನೋಡಿ ಹುಳುಕು ತೆಗೆಯುವುದು ಅವನ ಉದ್ಯೋಗ. ಏನು ಕೊಟ್ಟರೂ ಮೊದಲು "ಆಗಲ್ಲ" ಎನ್ನುತ್ತಿದ್ದುದರಿಂದ ಕಚೇರಿಯಿಡೀ ಅವನನ್ನು ಆಗಲ್ಲಪ್ಪ ಎಂದೇ ಕರೆಯುತ್ತಿತ್ತು.

"ಆಗ್ತಿಲ್ಲ ಮೇಡಂ."

"ಯಾವುದು?"

"ಕಣ್ಣಾಸ್ಪತ್ರೆ. ಕೀನೂ ಸರ್ಟಿಫಿಕೇಟೂ ಜೋಡಿ ಅಲ್ಲ ಅಂತಿದೆ ಸರ್ವರ್."

"ಜೋಡಿ ಅಂತ ಈಗಷ್ಟೇ ಹೇಳಿತಲ್ಲ!"

"ನಿಮ್ಮ ಪ್ರೋಗ್ರಾಂ ಹೇಳಿರಬಹುದು. ಸರ್ವರ್ ಒಪ್ತಾ ಇಲ್ಲ."

ಅವಳು ಮತ್ತೆ ಓಡಿಸಿದಳು. ಪ್ರೋಗ್ರಾಂ 'ಸರಿ ಇದೆ' ಎಂದಿತು. ಸರ್ವರ್ 'ಜೋಡಿ ಅಲ್ಲ' ಎಂದಿತು. ಮತ್ತೊಮ್ಮೆ. ಇದು ಹೌದೆನ್ನುತ್ತದೆ, ಅದು ಅಲ್ಲವೆನ್ನುತ್ತದೆ. ಮನೆಯಲ್ಲಿ ಗಂಡ, ಅತ್ತೆ ಒಂದೊಂದು ಹೇಳಿದರೆ ಕೊನೇಪಕ್ಷ ಇಬ್ಬರ ಮೇಲೂ ಸಿಟ್ಟು ಮಾಡಿಕೊಂಡು ಒಳಗೆ ಹೋಗಬಹುದು. ಯಂತ್ರಗಳ ಮುಂದೆ ಆ ಸುಖವೂ ಇಲ್ಲ.

ಗಂಟಿನಲ್ಲಿ ಆಸ್ಪತ್ರೆಯ ಸರ್ಟಿಫಿಕೇಟಿನ ಜೊತೆಗೆ ಅದನ್ನು ಕೊಟ್ಟ ಸಂಸ್ಥೆಯದೂ ಇರುತ್ತದೆ. ಒಂದರ ಬದಲು ಇನ್ನೊಂದನ್ನು ತೆಗೆದಿರಬಹುದೇ? ಬಿಚ್ಚಿ ನೋಡಿದಳು, ಆಸ್ಪತ್ರೆಯದೇ. ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಗುರುತುಗಳು ಉಳಿದುಬಿಡುತ್ತವೆ, ಅವೇನಾದರೂ? ಒಂದೊಂದೇ ಸಾಲು ಹೆಕ್ಕಿ ನೋಡಿದಳು, ಎಲ್ಲ ಸ್ವಚ್ಛ. ಪಾಸ್‌ವರ್ಡಿಗೆ ಹಿಂದೆ ಮುಂದೆ ಖಾಲಿ ಜಾಗ ಸೇರಿತೇ? ಸೇರಿದ್ದರೆ ಗಂಟೇ ಬಿಚ್ಚುತ್ತಿರಲಿಲ್ಲ. ಪ್ರತಿ ಸಲವೂ ಪ್ರೋಗ್ರಾಂ ಸರ್ಟಿಫಿಕೇಟನ್ನು ಹೊಸದಾಗಿ ಬರೆದು ಹೊರಬರುತ್ತಿತ್ತು, ಪ್ರತಿ ಸಲವೂ ಆಗಲ್ಲಪ್ಪ ದೂರದಿಂದಲೇ ತಲೆಯಾಡಿಸುತ್ತಿದ್ದ. ಕೊನೆಕೊನೆಗೆ ಅವನು ಬಾಯಿ ತೆರೆಯುವುದನ್ನೂ ಬಿಟ್ಟ. ಆ ತಲೆಯನ್ನು ಹಿಡಿದು ಒಂದು ಸಲ ಮೇಲೆ ಕೆಳಗೆ ಆಡಿಸಿಬಿಡಬೇಕು ಎನ್ನಿಸುವಷ್ಟು ಅವಳಿಗೆ ಪಿತ್ತ ನೆತ್ತಿಗೇರಿತ್ತು.

ಊಟದ ಹೊತ್ತಿಗೆ ಡಬ್ಬಿಯ ಮುಚ್ಚಳ ತೆಗೆದಳು, ಹಾಗೇ ಮುಚ್ಚಿದಳು. ಆಗಲೇ ಅತ್ತೆಯ ಫೋನ್.

"ಏನಮ್ಮ, ಆಯ್ತಾ ನಿನ್ನ ಕೆಲಸ?"

"ಇನ್ನೂ ಇಲ್ಲ ಅತ್ತೆ. ಸಂಜೆ ಮಾತಾಡ್ತೀನಿ."

"ಒದ್ದಾಡ್ತಾ ಕೂರಬೇಡ. ಪುಟ್ಟುಗೆ ಹೇಳು, ಅವನು ಚಿಟಿಕೆ ಹೊಡೆಯೋದ್ರಲ್ಲಿ ಮಾಡಿಕೊಡ್ತಾನೆ. ಅವನ ಹತ್ರ ಹೇಳಿಕೊಳ್ಳೋಕೆ ಏನು ನಾಚಿಕೆ? ಮನೆಯವನಲ್ವಾ?"

ಅತ್ತೆ ಕೆಟ್ಟವರಲ್ಲ. ಸೊಸೆ ಬೇಗ ಗೆದ್ದು ಬರಲಿ ಎಂಬ ಆಸೆ ಅವರಿಗೂ ಇತ್ತು. ಆದರೆ ಯಾರೋ ತನ್ನ ಕಾಲು ತುಳಿದು ನಿಂತೇ ಯೋಗಕ್ಷೇಮ ವಿಚಾರಿಸಿದ ಹಾಗಾಯಿತು ಅವಳಿಗೆ. "ಸರಿ ಅತ್ತೆ" ಎಂದು ಫೋನಿಟ್ಟಳು. ಛೀ, ಒಂದು ಫೈಲಿಗಾಗಿ ಅಳುವುದೇ ಎಂದು ನೀರು ಕುಡಿದಳು. ಅಳು ಫೈಲಿಗಾಗಿ ಅಲ್ಲ ಎಂಬುದು ಅವಳಿಗೂ ಗೊತ್ತಿತ್ತು. ತನಗೆ ಕೆಲಸ ಮರೆತುಹೋಗಿದೆಯೇನೋ, ಇಷ್ಟು ವರ್ಷ ಏನು ಮಾಡ್ತಿದ್ರಿ ಎಂದವರೆಲ್ಲ ಸರಿಯಾಗೇ ಕೇಳಿದ್ದರೇನೋ ಎಂಬ ಹಾಳು ಭಯ ಬೆಳಗಿನಿಂದ ಅವಳನ್ನು ಬಿಟ್ಟಿರಲಿಲ್ಲ.

ಗಾಜಿನ ಕೋಣೆಯಲ್ಲಿ ಪುಟ್ಟು ಯಾರದೋ ಜೊತೆ ಮೀಟಿಂಗಿನಲ್ಲಿದ್ದ. ಅವಳ ಕಡೆ ನೋಡಿದ, ಕೈಸನ್ನೆಯಲ್ಲೇ 'ಸಮಾಧಾನ' ಎಂದ. ಎರಡು ಹೆಜ್ಜೆ ನಡೆದು ಹೋಗಿ ಕೇಳಿದರೆ ಮುಗಿಯುತ್ತಿತ್ತು. ಅವಳು ಹೋಗಲಿಲ್ಲ. ಹಲ್ಲು ಕಚ್ಚಿ ಕೂತಳು.

ಮೂರು ಗಂಟೆಯ ಸುಮಾರಿಗೆ, ಇನ್ನೇನೂ ತೋಚದೆ, ಅವಳು ಮೊದಲೇ ಮಾಡಬಹುದಾಗಿದ್ದ ಕೆಲಸ ಮಾಡಿದಳು. ಗಂಟನ್ನು ಕೀಗಳ ಫೋಲ್ಡರಿಗಲ್ಲ, ಬೇರೊಂದು ಖಾಲಿ ಫೋಲ್ಡರಿಗೆ ಬಿಚ್ಚಿದಳು. ಆ ಹೊಸ ಕೀಯನ್ನು ಒಂದು ಕಿಟಕಿಯಲ್ಲಿ, ಸರ್ವರ್ ಓದುತ್ತಿದ್ದ ಕೀಯನ್ನು ಪಕ್ಕದ ಕಿಟಕಿಯಲ್ಲಿ ಇಟ್ಟಳು. ಮೊದಲ ಸಾಲು ಎಲ್ಲ ಕೀಗಳಿಗೂ ಒಂದೇ ಇರುತ್ತದೆ. ಎರಡನೆಯ ಸಾಲು ಅಕ್ಷರಕ್ಕೆ ಅಕ್ಷರ ಬೇರೆ. ಮೂರನೆಯ ಸಾಲೂ ಬೇರೆ. ಅದು ಕಣ್ಣಾಸ್ಪತ್ರೆಯ ಕೀಯೇ ಅಲ್ಲ.

ಆಗ ಅವಳಿಗೆ ತನ್ನದೇ ಕಟ್ಟಪ್ಪಣೆ ನೆನಪಾಯಿತು. ಕೀ ಇದ್ದರೆ ಮುಟ್ಟಬೇಡ. ಅವಳ ಪ್ರೋಗ್ರಾಂ ಬೆಳಗಿನಿಂದ ಅಪ್ಪಣೆ ಮೀರದೆ, ಅಲ್ಲಿ ಮೊದಲೇ ಕೂತಿದ್ದ ಕೀಯನ್ನು ಮುಟ್ಟದೆ, ಸರ್ಟಿಫಿಕೇಟ್ ಒಂದನ್ನೇ ಬರೆದು ಬರೆದು ಬರುತ್ತಿತ್ತು. ಮುಟ್ಟಲಿಲ್ಲ ಎಂದು ಒಂದು ಮಾತು ಹೇಳುವಂತೆ ಅದಕ್ಕೆ ಕಲಿಸಿರಲಿಲ್ಲ. ಅದು ಅವಳ ತಪ್ಪು, ಒಪ್ಪಿಕೊಂಡಳು. ಆದರೆ ಅವಳು ಬರುವ ಮೊದಲೇ ಆ ಕೀಯನ್ನು ಅಲ್ಲಿ ಕೂರಿಸಿದವರು ಯಾರು? ಆ ಫೋಲ್ಡರಿನಲ್ಲಿ ಬರೆಯುವ ಹಕ್ಕು ಇದ್ದದ್ದು ಇಬ್ಬರಿಗೇ. ಒಬ್ಬಳು ಅವಳು.

ಅವಳು ಎದ್ದು ನಿಂತಳು. ಮೀಟಿಂಗ್ ಮುಗಿಸಿ ಗಾಜಿನ ಬಾಗಿಲು ತೆರೆದು ಹೊರಬರುತ್ತಿದ್ದ ಮುಖ್ಯಸ್ಥನನ್ನು ನೋಡಿ, ಆರು ತಿಂಗಳಿಂದ ಜೋಪಾನ ಮಾಡಿದ್ದ ಸರ್ ಎಂಬ ಶಬ್ದ ಎಲ್ಲಿ ಹೋಯಿತೋ ಏನೋ, ಕಚೇರಿ ತುಂಬ ಕೇಳುವ ಹಾಗೆ ಕೂಗಿದಳು:

"ಪುಟ್ಟು! ಬಾ ಇಲ್ಲಿ!"

ಕೀಬೋರ್ಡುಗಳೆಲ್ಲ ನಿಂತವು. ಆಗಲ್ಲಪ್ಪ ಕುಡಿಯುತ್ತಿದ್ದ ನೀರು ಅರ್ಧ ಮೂಗಿಗೆ ಹೋಯಿತು. ತಾಂತ್ರಿಕ ವಿಭಾಗದ ಮುಖ್ಯಸ್ಥ, ಒದ್ದೆ ಟವೆಲ್ಲಿನ ವಿಚಾರ ಬಂದಾಗಿನ ಮುಖ ಮಾಡಿಕೊಂಡು ನಡೆದು ಬಂದ.

"ಅತ್ತಿಗೆ, ಮೆಲ್ಲಗೆ..."

"ಕಣ್ಣಾಸ್ಪತ್ರೆ ಕೀ ಮುಟ್ಟಿದ್ಯಾ?"

ಅವನು ಅಕ್ಕಪಕ್ಕ ನೋಡಿದ. "ಬೆಳಿಗ್ಗೆ ಬೇಗ ಬಂದು ಹೊಸದೊಂದು ಮಾಡಿಟ್ಟೆ. ಹಳೇ ಗಂಟು ಬಿಚ್ಚೋಕೆ ಪಾಸ್‌ವರ್ಡ್ ಇಲ್ಲ ಅಂದಿದ್ರಲ್ಲ ನಿನ್ನೆ. ಆ ಕೀಗೆ ಹೊಸ ಸರ್ಟಿಫಿಕೇಟ್ ಕಳಿಸಿ ಅಂತ ಅದನ್ನ ಕೊಡೋ ಸಂಸ್ಥೆಗೂ ಬರೆದಿದ್ದೀನಿ, ಇನ್ನೇನು ಬರುತ್ತೆ. ಎರಡನ್ನೂ ಸೇರಿಸಿಬಿಟ್ರೆ ನಾಲ್ಕು ಗಂಟೆಗೆ ಸರಿಯಾಗಿ ನಡೀತಿತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ ಅತ್ತಿಗೆ."

"ಪಾಸ್‌ವರ್ಡ್ ಬೆಳಿಗ್ಗೆ ಸಿಕ್ತು. ನಾನು ಬಂದ ತಕ್ಷಣ ಬಿಚ್ಚಿದೆ. ಅದು ಸರಿಯಾಗೇ ಬಿಚ್ಚಿತು. ಅಲ್ಲಿಂದ ಇಲ್ಲಿಯ ತನಕ ನಾನು ತಲೆ ಚಚ್ಚಿಕೊಳ್ತಾ ಕೂತಿದ್ದೀನಿ, ಪುಟ್ಟು. ನನಗೆ ಬುದ್ಧಿ ಮಂಕಾಗಿದೆ ಅಂದ್ಕೊಂಡೆ. ನೀನು ಗಾಜಿನ ಹಿಂದೆ ಕೂತು ಕೈ ಆಡಿಸ್ತಿದ್ದೆ."

"ನಿಮಗೆ ಪಾಸ್‌ವರ್ಡ್ ಸಿಕ್ಕಿದ್ದು ನನಗೇನು ಗೊತ್ತು? ಸಹಾಯ ಆಗ್ಲಿ ಅಂತ ಮಾಡಿದ್ದು."

"ಕೇಳಬಾರದಿತ್ತಾ?"

"ಕೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ..."

ಅವಳು ಅವನ ಮುಖವನ್ನೇ ನೋಡಿದಳು. ಅದರಲ್ಲಿ ಕಪಟ ಎಳ್ಳಷ್ಟೂ ಇರಲಿಲ್ಲ, ಅದೇ ಇನ್ನೂ ಹಿಂಸೆಯಾಯಿತು. ಮನಸ್ಸಿಗೆ ಬಂದ ಮುಂದಿನ ಪ್ರಶ್ನೆಯನ್ನು ಕೇಳಬೇಕೋ ಬೇಡವೋ ಎಂದು ಒಂದು ಗಳಿಗೆ ತಡೆದಳು. ಕೇಳಿಯೇಬಿಟ್ಟಳು.

"ಇದೊಂದೇನಾ? ಮೊದಲಿನವು?"

ಪುಟ್ಟು ಕತ್ತಿನ ಹಿಂಬದಿ ಕೆರೆದುಕೊಂಡ.

"ಹೇಳು."

"ನೀವು ಮನೆಗೆ ಹೊರಟ ಮೇಲೆ, ನಾನೂ ಒಂದು ಸಲ ಗಂಟು ಬಿಚ್ಚಿ, ನಿಮ್ಮದು ತೆಗೆದು ನನ್ನದು ಹಾಕಿಡ್ತಿದ್ದೆ. ಸುಮ್ನೆ, ಧೈರ್ಯಕ್ಕೆ."

"ಎಲ್ಲಾನೂ?"

"ಹೂಂ."

"ನನ್ನದರಲ್ಲಿ ಏನು ತಪ್ಪಿತ್ತು?"

"ತಪ್ಪಿತ್ತು ಅಂತಲ್ಲ..." ಅವನ ದನಿ ಇಳಿಯಿತು. "ನಿಮ್ಮದನ್ನ ನಾನು ನೋಡ್ಲೇ ಇಲ್ಲ ಅತ್ತಿಗೆ. ನೇರವಾಗಿ ನನ್ನದನ್ನೇ ಹಾಕಿಬಿಡ್ತಿದ್ದೆ."

ಆರು ತಿಂಗಳಿಂದ 'ಚೆನ್ನಾಗಿ ಮಾಡಿದ್ದೀರಿ' ಎನ್ನಿಸಿಕೊಂಡು, ಬಸ್ಸಿನ ಕಿಟಕಿಗೆ ತಲೆಯಾನಿಸಿ, ಒಬ್ಬಳೇ ನಗುತ್ತ ಮನೆಗೆ ಹೋಗುತ್ತಿದ್ದಳು. ಆ ನಗು ಈಗ ಎಲ್ಲಿ ಹೋಗಿ ಮುಖ ಮುಚ್ಚಿಕೊಳ್ಳಬೇಕು? ಬೈದಿದ್ದರೆ ತಿದ್ದಿಕೊಳ್ಳುತ್ತಿದ್ದಳು, ತಪ್ಪು ತೋರಿಸಿದ್ದರೆ ಕಲಿಯುತ್ತಿದ್ದಳು. ನೋಡಲೇ ಇಲ್ಲ ಎಂದರೆ ಏನು ಮಾಡುವುದು?

ಕೂತಳು. "ನಿಲ್ಲು ಇಲ್ಲೇ" ಎಂದಳು. ಪ್ರತಿಯೊಂದು ಆಸ್ಪತ್ರೆಯ ಗಂಟನ್ನೂ ಆ ಖಾಲಿ ಫೋಲ್ಡರಿಗೆ ತನ್ನ ಪ್ರೋಗ್ರಾಂನಿಂದ ಮತ್ತೆ ಬಿಚ್ಚಿಸಿದಳು. ಆಮೇಲೆ ತನ್ನ ಫೋಲ್ಡರನ್ನೂ, ಅವನು ತುಂಬಿಸಿಟ್ಟಿದ್ದ ಫೋಲ್ಡರನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸುವಂತೆ ಯಂತ್ರಕ್ಕೆ ಹೇಳಿದಳು. ಗುಂಡಿ ಒತ್ತಿದಳು. ಎಲ್ಲಾದರೂ ಒಂದು ಕಡೆ, ಒಂದೇ ಒಂದು ಕಡೆ ಇವನ ಅನುಮಾನ ನಿಜವಾಗಿಬಿಟ್ಟರೆ?

ಹೆಸರುಗಳು ಒಂದರ ಕೆಳಗೊಂದು ಬಂದವು. ಮಕ್ಕಳ ಆಸ್ಪತ್ರೆ, ಒಂದೇ. ಹೆರಿಗೆ ಆಸ್ಪತ್ರೆ, ಒಂದೇ. ರಕ್ತನಿಧಿ, ಒಂದೇ. ಕೆಳಗಿನ ತನಕ ಒಂದೇ, ಒಂದೇ, ಒಂದೇ. ಕಣ್ಣಾಸ್ಪತ್ರೆಯ ಸಾಲೊಂದು ಮಾತ್ರ ಕೆಂಪಗಿತ್ತು.

ಪುಟ್ಟು ಬಗ್ಗಿ ನೋಡಿದ. ಬಹಳ ಹೊತ್ತು ಹಾಗೇ ಬಗ್ಗಿದ್ದ.

"ಒಂದಕ್ಷರ ವ್ಯತ್ಯಾಸ ಇಲ್ಲ" ಎಂದಳು ಅತ್ತಿಗೆ. "ನಿನ್ನ ಕೀಗಳೆಲ್ಲ ನನ್ನ ಕೀಗಳೇ. ಕೆಟ್ಟಿದ್ದು ಒಂದು. ಅದು ಯಾರದ್ದು ಅಂತ ನೀನೇ ಓದು."

ಅವನು ಓದಲಿಲ್ಲ. ಅವಳು ಅವನ ಕೀಯನ್ನು ಪಕ್ಕಕ್ಕೆ ಸರಿಸಿ, ತನ್ನದನ್ನು ಅದರ ಜಾಗದಲ್ಲಿಟ್ಟು, ಆಗಲ್ಲಪ್ಪನ ಕಡೆ ತಿರುಗಿ ಹುಬ್ಬೇರಿಸಿದಳು. ಅವನು ತನ್ನ ಪರದೆ ನೋಡಿದ. ಇಡೀ ದಿನ ಅಡ್ಡಡ್ಡ ಆಡಿದ್ದ ತಲೆ ಮೆಲ್ಲಗೆ ಮೇಲೆ ಕೆಳಗೆ ಆಡಿತು.

ನಾಲ್ಕಕ್ಕೆ ದೊಡ್ಡ ಮೇಡಂ ಬಂದರು. ಕಣ್ಣಾಸ್ಪತ್ರೆಯಿಂದ ಒಂದು ವರದಿ ಹೊರಟು ಬಂದು ಪರದೆಯ ಮೇಲೆ ನಿಂತಿತು. ಅಷ್ಟೇ. ಬೆಳಗಿನಿಂದ ಅವಳ ಜೀವ ತಿಂದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಯಿತು.

"ನೋಡಿ, ನಾನು ಹೇಳಿರಲಿಲ್ವಾ? ಐದು ನಿಮಿಷದ ಕೆಲಸ" ಎಂದರು ದೊಡ್ಡ ಮೇಡಂ ಖುಷಿಯಿಂದ. "ಇವತ್ತಿಂದ ನೀವು ಖಾಯಂ. ನಿಜ ಹೇಳ್ಬೇಕಂದ್ರೆ ನನಗೆ ಮೊದಲು ಅನುಮಾನ ಇತ್ತು, ಇಷ್ಟು ವರ್ಷ ಬಿಟ್ಟು ಬಂದೋರು ಅಂತ. ನಿಮ್ಮ ಸರ್, ಎಲ್ಲಾನೂ ತಾವೇ ಇನ್ನೊಂದು ಸಲ ನೋಡ್ತೀನಿ ಅಂತ ಮಾತು ಕೊಟ್ರು. ಆ ಧೈರ್ಯದ ಮೇಲೇ ತಗೊಂಡಿದ್ದು."

"ನೋಡಿದ್ದಿದ್ರೆ ಚೆನ್ನಾಗಿರ್ತಿತ್ತು ಮೇಡಂ" ಎಂದಳು ಅತ್ತಿಗೆ.

ದೊಡ್ಡ ಮೇಡಂಗೆ ಅರ್ಥವಾಗಲಿಲ್ಲ. ಪುಟ್ಟುವಿನ ಕಿವಿ ಕೆಂಪಾಯಿತು.

"ನನ್ನದೊಂದು ಕೋರಿಕೆ ಇದೆ" ಎಂದು ಅವಳೇ ಮುಂದುವರಿಸಿದಳು. "ಕೀ ಇಡೋ ಜಾಗದಲ್ಲಿ ಎರಡು ಕೈ ಆಡಬಾರದು. ಆ ಫೋಲ್ಡರಿನಲ್ಲಿ ಬರೆಯೋ ಹಕ್ಕು ನನಗೊಬ್ಬಳಿಗೇ ಇರಲಿ. ಯಾರು ಪರೀಕ್ಷೆ ಮಾಡಬೇಕೋ ಅವರು ಓದಲಿ, ತಪ್ಪಿದ್ರೆ ನನಗೆ ಹೇಳಲಿ."

"ಅದಕ್ಕೇನಂತೆ, ಮಾಡಿಕೊಳ್ಳಿ" ಎಂದು ಅವರು ಮುಂದಿನ ಮೀಟಿಂಗಿಗೆ ಹೊರಟುಹೋದರು.

ಹಕ್ಕು ಕೊಡುವುದು, ಕಳೆಯುವುದು ಎರಡೂ ಮುಖ್ಯಸ್ಥನ ಕೆಲಸ. ಅವಳು ಗಾಜಿನ ಕೋಣೆಯಲ್ಲಿ ಅವನ ಹಿಂದೆ ನಿಂತಳು. ಪುಟ್ಟು ತನ್ನ ಹೆಸರಿನ ಮುಂದಿನ ಗುರುತು ತೆಗೆದ. 'ಖಚಿತವೇ?' ಎಂದು ಪರದೆ ಕೇಳಿತು. ಅವನು ತಿರುಗಿ ಅವಳನ್ನು ನೋಡಿದ. ಹೌದು ಎಂದು ಒತ್ತಿದ. ಆಮೇಲೆ, ಅವಳು ಕೇಳದೆ ಇದ್ದರೂ, ಆ ಫೋಲ್ಡರಿನಲ್ಲಿ ಖಾಲಿ ಫೈಲೊಂದನ್ನು ಇಡಲು ಹೋದ. 'ನಿಮಗೆ ಅನುಮತಿ ಇಲ್ಲ' ಎಂದಿತು.

"ಆಯ್ತು ಅತ್ತಿಗೆ" ಎಂದ. "ನೀವು ಸೋಲಬಾರದು ಅಂತ ಮಾತ್ರ ಇತ್ತು ನನಗೆ."

"ಗೊತ್ತು. ನಾನು ಗೆಲ್ಲಬಹುದು ಅನ್ನೋದು ಒಂದು ಇರಲಿಲ್ಲ ನಿನಗೆ."

ಆಗಲೇ ಮೇಜಿನ ಮೇಲೆ ಅವನ ಫೋನ್ ಗುಂಯ್‌ಗುಟ್ಟಿತು. ಅಮ್ಮ. ಅವನು ಎತ್ತಿ, ಇಬ್ಬರಿಗೂ ಕೇಳಲೆಂದು ಸ್ಪೀಕರ್ ಹಾಕಿದ.

"ಪುಟ್ಟು, ಅವಳ ಕೆಲಸ ಏನಾಯ್ತೋ? ಫೋನ್ ಎತ್ತುತ್ತಾ ಇಲ್ಲ ಅವಳು."

"ಖಾಯಂ ಆಯ್ತಮ್ಮ."

"ಸದ್ಯ! ನನಗೆ ಗೊತ್ತಿತ್ತು. ಕೊನೆಗೆ ನೀನೇ ಮಾಡಿಕೊಟ್ಟೆ ತಾನೇ?"

ಅತ್ತಿಗೆ ಗಾಜಿನ ಆಚೆ ನೋಡುತ್ತ ನಿಂತಿದ್ದಳು. ಇಂಥ ಪ್ರಶ್ನೆಗೆ ಸಾಮಾನ್ಯವಾಗಿ ಏನು ಉತ್ತರ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಒಂದು ಸಣ್ಣ ನಗು, 'ಅಯ್ಯೋ, ಅದೇನು ಮಹಾ ಬಿಡಮ್ಮ' ಎಂಬ ಮಾತು. ಅದು ಕಿವಿಗೆ ಬೀಳುವ ಮೊದಲೇ ಹೊರಗೆ ಹೋಗೋಣವೆಂದು ಬಾಗಿಲಿಗೆ ಕೈ ಹಾಕಿದಳು.

"ಇಲ್ಲಮ್ಮ" ಎಂದ ಪುಟ್ಟು. "ಅತ್ತಿಗೆ ಬೆಳಿಗ್ಗೆ ಬಂದ ತಕ್ಷಣ ಮಾಡಿ ಮುಗಿಸಿದ್ರು. ಅದನ್ನ ಮಧ್ಯಾಹ್ನದ ತನಕ ಕೆಡಿಸಿಟ್ಟಿದ್ದು ನಾನು."

ಆ ಕಡೆಯಿಂದ ಅತ್ತೆಯ ದನಿ, ಅವಳು ಎಂದೂ ಕೇಳದಷ್ಟು ಮೆತ್ತಗೆ ಬಂತು.

"ಹಂಗಾದ್ರೆ ನಿನ್ನ ಹತ್ರ ನನಗೇನು ಮಾತು? ಫೋನ್ ಅವಳ ಕೈಗೆ ಕೊಡು."